ಏಳನೆಯ ನೆರಿಗೆ

ಬ್ಲೌಸಿನ ಅಳತೆ ಕೊಡಲು ಬಂದ ಚೋಂದಮ್ಮ
ಗೂಡ್ಸ್ ಆಟೋದಿಂದ ಸೀಟನ್ನೇ ಇಳಿಸಿದಳು.
ಐವತ್ತೆಂಟರ ಫಿಯಟ್ಟಿನ ಮುಂದಿನ ಸೀಟು.
ಗೋಣಿಕೊಪ್ಪದ ನನ್ನ ಎಂಟಡಿ ಅಂಗಡಿಯಲ್ಲಿ
ಅದು ಅಡ್ಡ ಮಲಗಿದ ಮೇಲೆ
ನನಗೇ ನಿಲ್ಲಲು ಜಾಗವಿಲ್ಲ.

"ಮೈಸೂರಿನವ ಕೇಳಿದ ದುಡ್ಡಿಗೆ
ಇನ್ನೊಂದು ಕಾರೇ ಬರುತ್ತೆ, ನಬೀಸಾ.
ಹೊಲಿಗೆ ಹೊಲಿಗೆಯೇ ತಾನೇ?"

ಹೂಂ ಅಂದೆ.
ಹೂಂ ಅನ್ನುವುದಕ್ಕೆ ಸೂಜಿ ಬೇಡ, ನೂಲು ಬೇಡ.

ಮೊದಲ ತಪ್ಪು ಅವತ್ತೇ ಸಂಜೆ.
ಹಳೆಯ ಹೊದಿಕೆಯನ್ನು ಕೋಳಿಯ ಪುಕ್ಕದಂತೆ
ತರಿದು ಹಾಕಿದೆ. ಆಮೇಲೆ ಹೊಳೆಯಿತು,
ಅದೇ ನನ್ನ ಅಳತೆ ಬ್ಲೌಸಾಗಿತ್ತು.
ಚೂರುಗಳನ್ನು ನೆಲದ ಮೇಲೆ ಕೂಡಿಸುತ್ತ ರಾತ್ರಿ ಒಂಬತ್ತು.
ಒಂದು ಚೂರು ಯಾವ ಮಗ್ಗುಲಿನದೋ
ಇಂದಿಗೂ ಗೊತ್ತಿಲ್ಲ.

ಹತ್ತಿಯ ಕೆಳಗೆ ನಾರು, ನಾರಿನ ಕೆಳಗೆ ಗೋಣಿ,
ಗೋಣಿ ಅಂದರೆ, ಗೋಣಿ ಇದ್ದ ಗುರುತು.
ಸ್ಪ್ರಿಂಗುಗಳ ನಡುವೆ ಇಲಿಯ ಬಾಣಂತಿ ಕೋಣೆ:
ಪಶು ಆಸ್ಪತ್ರೆಯ ಔಷಧಿ ಚೀಟಿಗಳನ್ನು
ಸಣ್ಣಗೆ ಹೆಚ್ಚಿ ಹಾಸಿದ್ದಾಳೆ ಪುಣ್ಯಾತ್ಗಿತ್ತಿ.
ಎರಡು ಹೇರ್‌ಪಿನ್ನು, ಕೋವಿಯ ಒಂದು ಖಾಲಿ ತೋಟೆ,
ಕಮಲದ ಇಪ್ಪತ್ತು ಪೈಸೆ,
ಕಪ್ಪಾಗಿ ಕಲ್ಲಾದ ಹನ್ನೊಂದು ಕಾಫಿ ಬೀಜ.
ಕೆಲಸದಲ್ಲಿದ್ದಷ್ಟು ಕಾಲ ಚೋಂದಮ್ಮ
ಕಾಯಿಲೆ ಕರುಗಳನ್ನು ಪಕ್ಕದಲ್ಲೇ ಕೂರಿಸಿ ತಂದವಳು.
ನಾರಿಗೆ ಮೂಗಿಟ್ಟರೆ ಇನ್ನೂ ಹಸಿ ಹಾಲಿನ ವಾಸನೆ.

ಕ್ಯೂರಿಂಗ್ ವರ್ಕ್ಸಿನಲ್ಲಿರುವ ತಮ್ಮ ಚೀಲ ತಂದ.
ಬಿಚ್ಚಿ, ಸ್ಪ್ರಿಂಗಿಗೆ ಹಾಸಿ, ದಬ್ಬಣದಲ್ಲಿ ಬಿಗಿದೆ,
ಅಚ್ಚಿನ ಅಕ್ಷರ ಮೇಲ್ಮುಖವಾಗಿ.
ಅಲ್ಲಿಯವರೆಗೆ ಸುಖ.

ರೆಕ್ಸಿನ್ನಿನ ಮೊದಲ ಮೊಳಕ್ಕೇ ಮೂರು ಸೂಜಿ ಮುರಿದವು.
ಚಪ್ಪಲಿ ರಿಪೇರಿಯ ಚೆಲ್ವನ್ ಹದಿನೆಂಟು ನಂಬರಿನದು ಕೊಟ್ಟು
ನೂಲಿಗೆ ಮೇಣ ತಿಕ್ಕಿ ತೋರಿಸಿದ:
"ಉದ್ದುದ್ದ ಹಾಕಕ್ಕಾ. ಒತ್ತೊತ್ತಾಗಿ ಚುಚ್ಚಿದರೆ
ಅಂಚೆಚೀಟಿಯ ಹಾಗೆ ಹರಿದು ಬರುತ್ತದೆ."

ಇಪ್ಪತ್ತೆರಡು ವರ್ಷ ಬಟ್ಟೆಯೊಡನೆ ಬಾಳಿದವಳು ನಾನು.
ಬಟ್ಟೆಯದು ದೊಡ್ಡ ಮನಸ್ಸು.
ತಪ್ಪು ಹೊಲಿಗೆ ಬಿಚ್ಚಿ, ಉಗುರಿನಿಂದ ತೀಡಿ,
ನೀರು ಚಿಮುಕಿಸಿ ಇಸ್ತ್ರಿ ಎಳೆದರೆ
ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಳ್ಳುತ್ತದೆ.
ರೆಕ್ಸಿನ್ ಹಾಗಲ್ಲ.
ನೂಲು ಕಿತ್ತರೆ ನೂಲು ಬರುತ್ತದೆ,
ತೂತು ಬರುವುದಿಲ್ಲ.
ಸಾಲಾಗಿ ಅಲ್ಲೇ ಕೂತು ದಿಟ್ಟಿಸುತ್ತದೆ.

ಸೀಟಿಗೆ ಹನ್ನೆರಡು ನೆರಿಗೆ.
ಚೋಂದಮ್ಮನ ಸೀರೆಗೂ ನೆರಿಗೆ, ಬೆನ್ನ ಹಿಂದೆ;
ಈ ಊರಿನ ದರ್ಜಿಗೆ ಅದೇನು ಹೊಸತಲ್ಲ.
ನೆರಿಗೆಯ ಮೇಲೆ ನೆರಿಗೆ ಕೂರುವ ಲೆಕ್ಕ ಮಾತ್ರ
ಯಾರೂ ಹೇಳಿಕೊಟ್ಟಿರಲಿಲ್ಲ.
ಆರರ ತನಕ ಚಾಕಿನ ಗೆರೆ ಹಿಡಿದು ನಡೆದೆ.
ಏಳನೆಯದರ ನಡುವೆ ಕರೆಂಟು ಹೋಯಿತು.
ಕಾಲು ತುಳಿಯುತ್ತಲೇ ಇತ್ತು.

ಬಿಚ್ಚಲಿಲ್ಲ.
ಬಿಚ್ಚಿದ್ದರೆ ಎರಡು ತಪ್ಪು.

ಹದಿನೇಳನೆಯ ದಿನ ಅವಳ ಶೆಡ್ಡಿನಲ್ಲಿ
ನಾಲ್ಕು ಬೋಲ್ಟು ಬಿಗಿದೆವು.
ಕೂತಳು. ಎದ್ದಳು. ಮತ್ತೆ ಕೂತಳು.
ನಾರು ಜಾಸ್ತಿ ತುಂಬಿಬಿಟ್ಟಿದ್ದೆ,
ಹೊಸದಾಗಿ ಬಡಿಸುವವಳು ಅನ್ನ ಒಟ್ಟುವ ಹಾಗೆ.
"ಅಯ್ಯೋ ನಬೀಸಾ,
ಈ ಕಾರಿಗೊಂದು ಮೂತಿ ಇದೆಯಲ್ಲೇ!
ನಲವತ್ತು ವರ್ಷ ದಿಂಬು ಹಾಕಿಕೊಂಡು ಓಡಿಸಿದ್ದೇನೆ,
ಒಂದು ದಿನ ಕಂಡಿರಲಿಲ್ಲ."

ಪೊನ್ನಂಪೇಟೆಗೆ ಹೋಗಿ ಬರೋಣ ಅಂದಳು.
ಪಕ್ಕದಲ್ಲಿ ನಾನು,
ನನ್ನ ಹೊಲಿಗೆಯ ಮೇಲೆ ನನ್ನದೇ ಭಾರ ಹಾಕಿ,
ಒಂದೊಂದು ಹೊಂಡಕ್ಕೂ ಉಸಿರು ಹಿಡಿದು.
ಏಳನೆಯ ನೆರಿಗೆಯ ಮೇಲೆ ಅಂಗೈ ಊರಿದ್ದೆ,
ಅವಳು ರಸ್ತೆ ನೋಡುತ್ತಿದ್ದಳು.
ನಮ್ಮಿಬ್ಬರ ಕೆಳಗೆ, ಕತ್ತಲೆಯಲ್ಲಿ,
ರೊಬಸ್ಟಾ ಚೆರಿ,
ನಿವ್ವಳ ತೂಕ ಐವತ್ತು ಕಿಲೋ.